ಸೈಟು ಕೂತದ್ದು ಯಾರ ಭಾರಕ್ಕೆ? ಶೇರ್ಡ್ ಹೋಸ್ಟಿಂಗ್‌ನ ಮಿತಿಗಳ ಬಗ್ಗೆ

(ಮಡಿಕೇರಿಯಲ್ಲಿ ಹೋಂಸ್ಟೇ, ಕಾಫಿಪುಡಿ, ಜೇನು, ಕಾಳುಮೆಣಸಿನ ವ್ಯಾಪಾರಕ್ಕೆ ಸ್ವಂತ ವೆಬ್‌ಸೈಟ್ ಇಟ್ಟುಕೊಂಡವರ ಮುಂದೆ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಪುನರುಕ್ತಿಗಳನ್ನು ತೆಗೆದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನಷ್ಟೇ ಇಲ್ಲಿ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ದಸರಾ ರಜೆ, ತುಲಾ ಸಂಕ್ರಮಣ, ಡಿಸೆಂಬರಿನ ಕೊನೇ ವಾರ. ನಿಮ್ಮ ಸೈಟಿಗೆ ಜನ ಮುಗಿಬೀಳುವ ದಿನಗಳು ಯಾವುವು ಅಂತ ನಾನು ಹೇಳಬೇಕಾಗಿಲ್ಲ. ಸೈಟು ಕೂರುವುದೂ ಅದೇ ದಿನಗಳಲ್ಲಿ. ಬಿಳಿ ಪುಟ, ಮಧ್ಯದಲ್ಲಿ '508 ರಿಸೋರ್ಸ್ ಲಿಮಿಟ್ ಈಸ್ ರೀಚ್ಡ್' ಅಂತ ಒಂದು ಸಾಲು. ಹೋಸ್ಟಿಂಗ್‌ನವರಿಗೆ ಫೋನ್ ಮಾಡಿದರೆ 'ನಿಮ್ಮ ಪ್ಲಾನ್ ಸಾಲ್ತಾ ಇಲ್ಲ ಸಾರ್, ಮೇಲಿನ ಪ್ಲಾನ್ ತಗೊಳ್ಳಿ' ಅನ್ನುತ್ತಾರೆ. ಆ ಮಾತು ಕೇಳಿ ದುಡ್ಡು ಕಟ್ಟಿದವರು ಇಲ್ಲೂ ಇದ್ದೀರಿ. ಕಟ್ಟಲೇಬೇಡಿ ಅಂತ ನಾನು ಹೇಳುವುದಿಲ್ಲ. ಆದರೆ ಕಟ್ಟುವ ಮೊದಲು ಒಂದು ಲೆಕ್ಕ ಹಾಕಿ: ನಿಮ್ಮ ಸೈಟಿನ ಒಂದು ಪುಟ, ಒಬ್ಬ ಮನುಷ್ಯನಿಗೆ ತೆರೆದುಕೊಳ್ಳಲು, ಸರ್ವರಿನಲ್ಲಿ ಏನೇನು ಖರ್ಚಾಗುತ್ತೆ? ಮಿತಿ ಎಷ್ಟಿದೆ ಅನ್ನುವ ಪ್ರಶ್ನೆ ಆಮೇಲಿನದು. ನಾನು ನೋಡಿದ ಸೈಟುಗಳಲ್ಲಿ ಬಹುಪಾಲು ಬಿದ್ದದ್ದು ಜನ ಜಾಸ್ತಿಯಾಗಿ ಅಲ್ಲ, ಒಬ್ಬೊಬ್ಬರಿಗೂ ತಗಲುವ ಖರ್ಚು ಜಾಸ್ತಿಯಾಗಿ.

ಮೊದಲು ಈ ಮಿತಿ ಯಾಕಿದೆ ಅಂತ ಬೇಗ ಹೇಳಿ ಮುಗಿಸುತ್ತೇನೆ. ತೋಟದ ಲೈನ್‌ಮನೆ ನೀವೆಲ್ಲ ನೋಡಿದ್ದೀರಿ. ಗೋಡೆಗೆ ಗೋಡೆ ತಾಗಿಕೊಂಡು ಸಾಲು ಮನೆ, ಎಲ್ಲರಿಗೂ ಸೇರಿ ಮೇಲೊಂದು ನೀರಿನ ಟ್ಯಾಂಕು. ಒಬ್ಬರು ನಲ್ಲಿ ಬಿಟ್ಟು ಕೆಲಸಕ್ಕೆ ಹೋದರೆ ಸಂಜೆ ಇಡೀ ಸಾಲಿಗೆ ನೀರಿಲ್ಲ. ಶೇರ್ಡ್ ಹೋಸ್ಟಿಂಗ್ ಅಂದರೆ ಅದೇ. ಒಂದೇ ಯಂತ್ರದಲ್ಲಿ ನೂರಾರು ಜನರ ಸೈಟು. ಪ್ರಾಸೆಸರ್, ಮೆಮೊರಿ, ಡಿಸ್ಕ್ ಎಲ್ಲ ಹಂಚಿಕೆ. ಅದಕ್ಕೇ ತಿಂಗಳಿಗೆ ಒಂದು ಮಸಾಲೆದೋಸೆಯ ದುಡ್ಡಿಗೆ ನಿಮಗೆ ಸೈಟು ಸಿಗುತ್ತಿರುವುದು. ಹಿಂದೆಲ್ಲ ಪಕ್ಕದವನ ಸ್ಕ್ರಿಪ್ಟು, ಅಂದರೆ ಪುಟ ತಯಾರಿಸುವ ಪ್ರೋಗ್ರಾಮು, ಹುಚ್ಚು ಹಿಡಿದು ಓಡಿದರೆ ನಿಮ್ಮ ಸೈಟೂ ನಿಲ್ಲುತ್ತಿತ್ತು. ಹೋಸ್ಟಿಂಗ್‌ನವರು ಹುಡುಕಿ ಹುಡುಕಿ, ಕೊನೆಗೆ ಯಾರದ್ದೋ ಖಾತೆಯನ್ನೇ ಅಮಾನತು ಮಾಡುತ್ತಿದ್ದರು. ಈಗ ಒಬ್ಬೊಬ್ಬರಿಗೂ ಇಷ್ಟಿಷ್ಟೇ ಅಂತ ಇದೆ. 508 ನೋಡಿದಾಗ ಸಿಟ್ಟು ಬರುವುದು ಸಹಜ. ಪಕ್ಕದವನಿಗೂ ಹೀಗೇ 508 ಬೀಳುವುದರಿಂದಲೇ ಉಳಿದ ದಿನಗಳಲ್ಲಿ ನಿಮ್ಮ ಸೈಟು ನಡೆಯುತ್ತಿದೆ.

ಈ ಮಿತಿಗಳಲ್ಲಿ ಎರಡು ಜಾತಿ. ಇದನ್ನು ಬೇರೆ ಬೇರೆಯಾಗಿ ನೋಡದಿದ್ದರೆ ಮುಂದಿನದೆಲ್ಲ ಗೋಜಲು.

ಮೊದಲನೆಯದು ಪಿಎಚ್‌ಪಿ ಅನ್ನುವ ಭಾಷೆ ತನಗೆ ತಾನೇ ಹಾಕಿಕೊಂಡದ್ದು. ನಿಮ್ಮ ಸೈಟು ಕಟ್ಟಿರುವ ಸಾಫ್ಟ್‌ವೇರ್ ವರ್ಡ್‌ಪ್ರೆಸ್ ನಡೆಯುವುದು ಪಿಎಚ್‌ಪಿಯಲ್ಲಿ. ಅದರ ಮಾಮೂಲು ಸೆಟಿಂಗ್ ಪ್ರಕಾರ ಒಂದು ಸ್ಕ್ರಿಪ್ಟು 30 ಸೆಕೆಂಡಿಗಿಂತ ಹೆಚ್ಚು ಓಡುವಂತಿಲ್ಲ, 128 ಎಂಬಿಗಿಂತ ಹೆಚ್ಚು ಮೆಮೊರಿ ಹಿಡಿಯುವಂತಿಲ್ಲ, 2 ಎಂಬಿಗಿಂತ ದೊಡ್ಡ ಫೈಲು ಅಪ್‌ಲೋಡ್ ಮಾಡುವಂತಿಲ್ಲ. ಹೋಸ್ಟಿಂಗ್‌ನವರು ಇವನ್ನು ಹಿಗ್ಗಿಸಿಯೋ ಕುಗ್ಗಿಸಿಯೋ ಇಟ್ಟಿರುತ್ತಾರೆ. ಸಮಯಕ್ಕೆ ಮಿತಿ ಯಾಕೆ ಬೇಕು? ಸ್ಕ್ರಿಪ್ಟನ್ನು ಮೊದಲೇ ಓದಿ, ಇದು ಮುಗಿಯುತ್ತಾ, ಇಲ್ಲಾ ಸುತ್ತುತ್ತಲೇ ಇರುತ್ತಾ ಅಂತ ಸರ್ವರೇ ಕಂಡುಹಿಡಿಯಬಾರದಾ? ಆಗುವುದಿಲ್ಲ. ಯಾವ ಪ್ರೋಗ್ರಾಮ್ ಕೊಟ್ಟರೂ ಅದು ನಿಲ್ಲುತ್ತೋ ಇಲ್ಲವೋ ಅಂತ ತಪ್ಪದೆ ಹೇಳುವ ವಿಧಾನ ಇರಲು ಸಾಧ್ಯವೇ ಇಲ್ಲ ಅನ್ನುವುದು ಆಲನ್ ಟ್ಯೂರಿಂಗ್ 1936ರಲ್ಲಿ ಬರೆದ ಪ್ರಬಂಧದಿಂದ ಬಂದ ಗಣಿತ. ಹಾಗಾಗಿ ಗಡಿಯಾರ ಇಟ್ಟುಕೊಂಡು ಕೂರುವುದೇ ದಾರಿ.

ಆ ಗಡಿಯಾರದಲ್ಲಿ ಒಂದು ಮೋಸ ಇದೆ, ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಮೆಮೊರಿ. ಯಾಕೆಂದರೆ ಹೋಂಸ್ಟೇಯವರ ಫೋನು ನನಗೆ ಬರುವುದೇ ಹೀಗೆ: 'ಫೋಟೋ ಹಾಕೋಕೆ ಹೋದೆ, ಹಾಕೋಕೆ ಆಗ್ತಾ ಇಲ್ಲ. ಫೈಲು ಬರೀ ಹನ್ನೆರಡು ಎಂಬಿ, ಅಪ್‌ಲೋಡ್ ಮಿತಿ 64 ಎಂಬಿ ಅಂತ ತೋರಿಸ್ತಿದೆ, ಮತ್ಯಾಕೆ?'

ಜೇಪೆಗ್ ಫೈಲು ಅಂದರೆ ಚಿತ್ರವನ್ನು ಮಡಚಿ ಇಟ್ಟ ಗಂಟು. ಅದನ್ನು ಸಣ್ಣದು ಮಾಡಬೇಕಾದರೆ ಸರ್ವರು ಮೊದಲು ಬಿಚ್ಚಿ ಪೂರ್ತಿ ಹರವಬೇಕು. ಹರವಿದಾಗ ಒಂದೊಂದು ಪಿಕ್ಸೆಲಿಗೂ 4 ಬೈಟು ಜಾಗ. ಮಾಮೂಲು ಫೋನಿನ 4000 ಗುಣಿಲೆ 3000 ಫೋಟೋ ಅಂದರೆ 1 ಕೋಟಿ 20 ಲಕ್ಷ ಪಿಕ್ಸೆಲ್, 4 ಕೋಟಿ 80 ಲಕ್ಷ ಬೈಟು. ನಡೆಯುತ್ತೆ. ಅದೇ ಫೋನಿನಲ್ಲಿ ಪೂರ್ತಿ ರೆಸಲ್ಯೂಶನ್ ಮೋಡ್ ಇಟ್ಟು 48 ಮೆಗಾಪಿಕ್ಸೆಲಿನಲ್ಲಿ ಬೆಟ್ಟದ ಮಂಜು ಹೊಡೆದಿರಿ ಅಂತ ಇಟ್ಟುಕೊಳ್ಳಿ. 8000 ಗುಣಿಲೆ 6000. 4 ಕೋಟಿ 80 ಲಕ್ಷ ಪಿಕ್ಸೆಲ್. ಹರವಲು 19 ಕೋಟಿ 20 ಲಕ್ಷ ಬೈಟು ಬೇಕು. 128 ಎಂಬಿ ಅಂದರೆ 13,42,17,728 ಬೈಟು. ಎರರ್ ಲಾಗ್ ತೆರೆದರೆ 'ಅಲೌಡ್ ಮೆಮೊರಿ ಸೈಜ್ ಆಫ್ 134217728 ಬೈಟ್ಸ್ ಎಕ್ಸಾಸ್ಟೆಡ್' ಅಂತ ಇರುತ್ತಲ್ಲ, ಅದು ಇದೇ ಅಂಕಿ. ಇನ್ನು ಆ ಚಿತ್ರದ ಸಣ್ಣ ಸಣ್ಣ ಪ್ರತಿಗಳನ್ನು ಮಾಡುವ ಕೆಲಸ ಶುರುವೂ ಆಗಿಲ್ಲ, ಬಿಚ್ಚುವುದರಲ್ಲೇ ಸ್ಕ್ರಿಪ್ಟು ಸತ್ತಿತು. 2019ರಲ್ಲಿ ಬಂದ ವರ್ಡ್‌ಪ್ರೆಸ್ 5.3ರಿಂದ ಈಚೆಗೆ ದೊಡ್ಡ ಚಿತ್ರಗಳನ್ನು ಅದು ತಾನೇ 2560 ಪಿಕ್ಸೆಲಿಗೆ ಇಳಿಸುತ್ತೆ, ನಿಜ. ಇಳಿಸಬೇಕಾದರೂ ಮೊದಲು ಬಿಚ್ಚಲೇಬೇಕಲ್ಲ.

ಫೋನಿನಲ್ಲೇ ಚಿತ್ರವನ್ನು 2000 ಪಿಕ್ಸೆಲ್ ಅಗಲಕ್ಕೆ ಇಳಿಸಿ ಹಾಕಿ. ನೋಡುವವರಿಗೆ ವ್ಯತ್ಯಾಸ ಕಾಣುವುದಿಲ್ಲ. ಮಳೆಗಾಲದಲ್ಲಿ ಒಂದು ಗೀಟು ಸಿಗ್ನಲ್‌ನಲ್ಲಿ ಸೈಟು ನೋಡುವವರು ನಿಮಗೆ ಪುಣ್ಯ ಕೊಡುತ್ತಾರೆ.

ಇದನ್ನು ಬಿಟ್ಟು ಸೈಟು ನೋಡಿಕೊಳ್ಳುವ ಹುಡುಗರು ಮಾಡುವುದೇನು? ಇಂಟರ್‌ನೆಟ್ಟಿನಲ್ಲಿ ಹುಡುಕಿ ಮೆಮೊರಿ ಲಿಮಿಟನ್ನು 512 ಎಂಬಿಗೆ ಏರಿಸುತ್ತಾರೆ. ಏರಿಸಲು ಬರುತ್ತೆ ಕೂಡ, ಪಿಎಚ್‌ಪಿಯ ಮಿತಿ ಎಷ್ಟೋ ಕಡೆ ಸ್ಕ್ರಿಪ್ಟೇ ತಿದ್ದಿಕೊಳ್ಳಬಹುದಾದ ಮಿತಿ. ಫೋಟೋ ಹತ್ತುತ್ತೆ, ಎಲ್ಲರಿಗೂ ಖುಷಿ. ಆದರೆ ಮೇಲೆ ಇನ್ನೊಬ್ಬ ಯಜಮಾನ ಇದ್ದಾನೆ.

ಅವನೇ ಎರಡನೇ ಜಾತಿಯ ಮಿತಿ, ಆಪರೇಟಿಂಗ್ ಸಿಸ್ಟಂ ಹಾಕುವುದು. ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನಲ್ಲಿ ಸಿಗ್ರೂಪ್ಸ್ ಅಂತ ಒಂದು ವ್ಯವಸ್ಥೆ ಇದೆ. ಗೂಗಲ್‌ನ ಇಂಜಿನಿಯರುಗಳಾದ ಪಾಲ್ ಮೆನೇಜ್ ಮತ್ತು ರೋಹಿತ್ ಸೇಠ್ 2006ರಲ್ಲಿ ಶುರು ಮಾಡಿದ್ದು. 2008ರ ಜನವರಿಯಲ್ಲಿ ಬಂದ 2.6.24 ಕರ್ನಲ್‌ನಲ್ಲಿ ಸೇರಿತು. ಒಂದು ಗುಂಪಿನ ಪ್ರಾಸೆಸ್‌ಗಳು ಎಲ್ಲ ಸೇರಿ ಇಷ್ಟೇ ಪ್ರಾಸೆಸರ್, ಇಷ್ಟೇ ಮೆಮೊರಿ ಬಳಸಬೇಕು ಅಂತ ಕಟ್ಟುಪಾಡು ಮಾಡುವುದು ಅದರ ಕೆಲಸ. 2009ರಲ್ಲಿ ಶುರುವಾದ ಕ್ಲೌಡ್‌ಲಿನಕ್ಸ್ ಅನ್ನುವ ಕಂಪನಿ ಇದೇ ಬಗೆಯ ಕಟ್ಟುಪಾಡನ್ನು ಶೇರ್ಡ್ ಹೋಸ್ಟಿಂಗ್‌ಗೆ ಹೊಂದಿಸಿ, ಒಂದೊಂದು ಖಾತೆಗೂ ಎಲ್‌ವಿಇ ಅನ್ನುವ ಬೇಲಿ ಹಾಕಿಕೊಟ್ಟಿತು. ಇವತ್ತು ಸಿಪ್ಯಾನೆಲ್ (ಹೋಸ್ಟಿಂಗ್ ಖಾತೆ ನಿಭಾಯಿಸುವ ಪುಟ) ಇರುವ ಎಷ್ಟೋ ಹೋಸ್ಟಿಂಗ್‌ಗಳ ಅಡಿಯಲ್ಲಿ ಇರುವುದು ಇದೇ. ಅದು ಆರಂಭದಲ್ಲಿ ಕೊಡುವ ಅಂಕಿಗಳು ಇವು: ಪ್ರಾಸೆಸರ್ ಶೇಕಡಾ 100, ಅಂದರೆ ಒಂದು ಕೋರ್ (ಪ್ರಾಸೆಸರಿನೊಳಗೆ ಲೆಕ್ಕ ಮಾಡುವ ಒಂದು ಘಟಕ) ಪೂರ್ತಿ, ಮೆಮೊರಿ 1 ಜಿಬಿ, ಡಿಸ್ಕಿಗೆ ಸೆಕೆಂಡಿಗೆ 1 ಎಂಬಿ, ಎಂಟ್ರಿ ಪ್ರಾಸೆಸ್ 20. ನಿಮ್ಮ ಹೋಸ್ಟಿಂಗ್‌ನವರು ಬದಲಾಯಿಸಿರಬಹುದು, ಪ್ಲಾನಿನ ಪುಟದಲ್ಲಿ ಕೆಳಗೆಲ್ಲೋ ಸಣ್ಣಕ್ಷರದಲ್ಲಿ ಇರುತ್ತೆ.

ಈಗ 512 ಎಂಬಿಗೆ ವಾಪಸ್ ಬನ್ನಿ. ಪಿಎಚ್‌ಪಿಯ ಮಿತಿ ಒಂದು ಸ್ಕ್ರಿಪ್ಟಿಗೆ. ಎಲ್‌ವಿಇಯ 1 ಜಿಬಿ ಇಡೀ ಖಾತೆಗೆ. ಇಂಥ ಎರಡು ಸ್ಕ್ರಿಪ್ಟು ಒಟ್ಟಿಗೆ ಉಬ್ಬಿದರೆ ಖಾತೆಯ ಮೆಮೊರಿ ಖಾಲಿ. ಮೂರನೆಯವರಿಗೆ 500 ಇಲ್ಲಾ 503 ಅನ್ನುವ ಎರರ್. ಮೊದಲು ಫೋಟೋ ಹಾಕುವ ನಿಮಗೊಬ್ಬರಿಗೆ ತೊಂದರೆ ಇತ್ತು, ಈಗ ರೂಮು ಬುಕ್ ಮಾಡಲು ಬಂದವರಿಗೂ ತೊಂದರೆ.

ಇವುಗಳಲ್ಲಿ ಜನ ಅತಿ ಹೆಚ್ಚು ತಪ್ಪು ತಿಳಿದಿರುವುದು ಎಂಟ್ರಿ ಪ್ರಾಸೆಸ್ ಬಗ್ಗೆ. '20 ಅಂದರೆ ಒಂದು ಸಲಕ್ಕೆ 20 ಜನ ಮಾತ್ರ ಸೈಟು ನೋಡಬಹುದು' ಅಂತ ಹೋಸ್ಟಿಂಗ್‌ನ ಸಪೋರ್ಟಿನವರೇ ಹೇಳುವುದನ್ನು ಕೇಳಿದ್ದೇನೆ. ಹಾಗಲ್ಲ. ಆ ಕ್ಷಣದಲ್ಲಿ ಒಳಗೆ ಓಡುತ್ತಿರುವ ಸ್ಕ್ರಿಪ್ಟು 20 ಮೀರಬಾರದು ಅಂತ ಅಷ್ಟೇ. ಪುಟ ತಯಾರಾಗಿ ಹೊರಗೆ ಹೋದ ಮೇಲೆ ಅದನ್ನು ಓದುತ್ತಾ ಕೂತವರ ಲೆಕ್ಕ ಇಲ್ಲಿಲ್ಲ. ಚಿತ್ರ, ಸ್ಟೈಲ್ ಫೈಲುಗಳೂ ಈ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಕೇಳಬೇಕಾದ ಪ್ರಶ್ನೆ ಒಂದು ಪುಟ ತಯಾರಾಗಲು ಎಷ್ಟು ಹೊತ್ತು ಹಿಡಿಯುತ್ತೆ ಅನ್ನುವುದು. ಸೆಕೆಂಡಿಗೆ ಬರುವವರ ಸಂಖ್ಯೆಯನ್ನು ಒಬ್ಬೊಬ್ಬರೂ ಒಳಗಿರುವ ಸೆಕೆಂಡುಗಳಿಂದ ಗುಣಿಸಿದರೆ ಸರಾಸರಿ ಒಳಗೆ ಎಷ್ಟು ಜನ ಇರುತ್ತಾರೆ ಅಂತ ಸಿಗುತ್ತೆ. ಜಾನ್ ಲಿಟಲ್ ಅನ್ನುವವರು 1961ರಲ್ಲಿ ಇದನ್ನು ಸಾಧಿಸಿ ತೋರಿಸಿದರು. ಆಸ್ಪತ್ರೆಯ ಕ್ಯೂಗೂ ಇದೇ ಲೆಕ್ಕ.

ಒಂದು ಪುಟಕ್ಕೆ ಪ್ರಾಸೆಸರಿನ ಕೆಲಸ 0.2 ಸೆಕೆಂಡು ಅಂತ ಇಟ್ಟುಕೊಳ್ಳೋಣ. ಒಂದು ಕೋರ್ ಇದ್ದರೆ ಸೆಕೆಂಡಿಗೆ 5 ಪುಟ ಮುಗಿಯುತ್ತೆ. ಸೆಕೆಂಡಿಗೆ 8 ಜನ ಬಂದರು. 5 ಮುಗಿಯುತ್ತೆ, 3 ಉಳಿಯುತ್ತೆ. ಮುಂದಿನ ಸೆಕೆಂಡಿಗೆ ಮತ್ತೆ 3. ಏಳನೇ ಸೆಕೆಂಡಿಗೆ 20ರ ಕೋಟಾ ತುಂಬಿ, ಆಮೇಲೆ ಬಂದವರಿಗೆ 508. ಗಮನಿಸಿ, ತೆರೆಯ ಮೇಲೆ ಕಂಡ ತಪ್ಪು ಎಂಟ್ರಿ ಪ್ರಾಸೆಸ್‌ದು, ನಿಜವಾಗಿ ಸೋತದ್ದು ಪ್ರಾಸೆಸರು. ಪ್ರಾಸೆಸರ್ ಮಿತಿ ತಲುಪಿದರೆ ಎರರ್ ಬರುವುದಿಲ್ಲ, ಸುಮ್ಮನೆ ಎಲ್ಲ ನಿಧಾನ ಆಗುತ್ತೆ. ನಿಧಾನ ಆದದ್ದು ಒಳಗೆ ಜಮಾ ಆಗುತ್ತೆ, ಜಮಾ ಆದದ್ದು ಬಾಗಿಲಲ್ಲಿ ತಡೆಯಾಗುತ್ತೆ. ಇಂಥ ಕಡೆ ಬರೀ ಎಂಟ್ರಿ ಪ್ರಾಸೆಸ್ 20ರಿಂದ 40ಕ್ಕೆ ಏರಿಸಿಕೊಂಡರೆ ಏಳನೇ ಸೆಕೆಂಡಿಗೆ ಬೀಳುವುದು ಹದಿನಾಲ್ಕನೇ ಸೆಕೆಂಡಿಗೆ ಬೀಳುತ್ತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಇದರ ತಿರುಗುಮುರುಗು ಇನ್ನೊಂದಿದೆ, ನಮ್ಮ ಊರಿನ ಸೈಟುಗಳಲ್ಲಿ ಇದೇ ಜಾಸ್ತಿ. ಪ್ರಾಸೆಸರು ಆರಾಮಾಗಿ ಕೂತಿದೆ, ಆದರೂ 508. ಹೋಂಸ್ಟೇ ಸೈಟಿನ ಮೂಲೆಯಲ್ಲಿ 'ಮಡಿಕೇರಿಯ ಇವತ್ತಿನ ಹವಾಮಾನ' ಅಂತ ಒಂದು ಡಬ್ಬಿ ಇರುತ್ತಲ್ಲ, ಅದು ಒಂದೊಂದು ಪುಟಕ್ಕೂ ಹೊರಗಿನ ಯಾವುದೋ ಸರ್ವರನ್ನು ಕೇಳಿ ಬರುತ್ತೆ. ಆ ಸರ್ವರು ಸುಮ್ಮನಾದ ದಿನ ನಿಮ್ಮ ಸ್ಕ್ರಿಪ್ಟು ಕಾಯುತ್ತಾ ನಿಲ್ಲುತ್ತೆ. ವರ್ಡ್‌ಪ್ರೆಸ್ ಮಾಮೂಲಾಗಿ ಕಾಯುವುದು 5 ಸೆಕೆಂಡು. ಪುಟದ ಕೆಲಸ ಅರ್ಧ ಸೆಕೆಂಡು, ಕಾಯುವುದು ಐದು; ಸೆಕೆಂಡಿಗೆ 4 ಜನ ಬಂದರೂ ಸಾಕು, ನಾಲ್ಕು ಗುಣಿಲೆ ಐದೂವರೆ, ಇಪ್ಪತ್ತೆರಡು. ಬಾಗಿಲು ಬಂದ್. ಮಡಿಕೇರಿಯಲ್ಲಿ ಮಳೆ ಬರುತ್ತಿದೆ ಅಂತ ಹೇಳಲು ಇಷ್ಟೆಲ್ಲ!

ಗಡಿಯಾರದ ಮೋಸ ಅಂದೆನಲ್ಲ, ಅದು ಇಲ್ಲಿದೆ. 'ಪಿಎಚ್‌ಪಿಗೆ 30 ಸೆಕೆಂಡಿನ ಮಿತಿ ಇದೆಯಲ್ಲ, ಕಾಯುತ್ತಾ ನಿಂತದ್ದನ್ನು ಅದೇ ಎತ್ತಿ ಹಾಕುತ್ತೆ' ಅಂತ ನೀವು ಅಂದುಕೊಳ್ಳಬಹುದು. ಲಿನಕ್ಸ್ ಸರ್ವರಿನಲ್ಲಿ ಆ 30 ಸೆಕೆಂಡು ಎಣಿಸುವುದು ಸ್ಕ್ರಿಪ್ಟು ತಾನೇ ಓಡಿದ ಹೊತ್ತನ್ನು ಮಾತ್ರ. ಡೇಟಾಬೇಸಿನ ಉತ್ತರಕ್ಕೆ ಕಾದದ್ದು, ಹೊರಗಿನ ಸರ್ವರಿಗೆ ಕಾದದ್ದು ಲೆಕ್ಕಕ್ಕಿಲ್ಲ. ವಿಂಡೋಸ್ ಸರ್ವರಿನಲ್ಲಿ ಆದರೆ ಗೋಡೆ ಗಡಿಯಾರದ ಹೊತ್ತೇ ಲೆಕ್ಕ. ಅಂದರೆ ಓಡುವ ಸ್ಕ್ರಿಪ್ಟಿಗೆ ಇರುವ ಅಂಕುಶ ಕಾಯುವ ಸ್ಕ್ರಿಪ್ಟಿಗೆ ಇಲ್ಲ. ಅದು ಜಾಗ ಹಿಡಿದು ಕೂತೇ ಇರುತ್ತೆ, ಕೊನೆಗೆ ವೆಬ್ ಸರ್ವರಿಗೆ ಕಾದು ಸಾಕಾಗಿ 504 ಅನ್ನುವ ಎರರ್ ಕೊಟ್ಟು ಕಳಿಸುವ ತನಕ. ಹವಾಮಾನದ ಉತ್ತರವನ್ನು ಒಂದು ಗಂಟೆ ಉಳಿಸಿಟ್ಟುಕೊಳ್ಳುವ ಪ್ಲಗಿನ್ (ವರ್ಡ್‌ಪ್ರೆಸ್‌ಗೆ ಸೇರಿಸುವ ಸಣ್ಣ ಸಾಫ್ಟ್‌ವೇರ್) ಹಾಕಿ, ಇಲ್ಲಾ ಅದನ್ನು ತೆಗೆದುಹಾಕಿ. ತೆಗೆಯುವುದೇ ಮೇಲು.

ಇದೇ ವಿಚಾರದ ದೊಡ್ಡ ರೂಪ ನೋಡಬೇಕಾದರೆ ನಮ್ಮ ಹಾಕಿ ಹಬ್ಬಕ್ಕೆ ಬನ್ನಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕೊಡವ ಕೌಟುಂಬಿಕ ಹಾಕಿ. 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್ಪಿಗೆ 360 ಕುಟುಂಬಗಳ ತಂಡ ಬಂದು ಗಿನ್ನೆಸ್ ದಾಖಲೆ ಆಯಿತು. ಇಂಥ ಪಂದ್ಯಾವಳಿಗೆ ಲೈವ್ ಸ್ಕೋರ್ ಸೈಟು ಮಾಡಿಕೊಡಿ ಅಂತ ಯಾರಾದರೂ ನಿಮ್ಮ ಹುಡುಗನನ್ನು ಕೇಳಿದರು ಅಂತ ಇಟ್ಟುಕೊಳ್ಳಿ. ಅವನು ಮಾಡುವುದು ಹೀಗೆ: ಪುಟ 5 ಸೆಕೆಂಡಿಗೊಮ್ಮೆ ತಾನೇ ರಿಫ್ರೆಶ್ ಆಗಬೇಕು, ಪ್ರತಿ ಸಲವೂ ಡೇಟಾಬೇಸಿನಿಂದ ಸ್ಕೋರು ತರಬೇಕು. ಫೈನಲ್ ದಿನ ಬೆಂಗಳೂರು, ದುಬೈ ಎಲ್ಲ ಸೇರಿ 3000 ಜನ ನೋಡುತ್ತಿದ್ದಾರೆ ಅಂದರೆ ಸೆಕೆಂಡಿಗೆ 600 ಸಲ ಸ್ಕ್ರಿಪ್ಟು ಓಡಬೇಕು. ಒಂದಕ್ಕೆ 0.2 ಸೆಕೆಂಡು ಅಂದರೆ 120 ಕೋರ್ ಬೇಕು. ನಿಮ್ಮ ಹತ್ತಿರ ಇರುವುದು ಒಂದು.

ಪಂದ್ಯ ನಡೆಯುವಾಗ ಸ್ಕೋರು ಎಷ್ಟು ಸಲ ಬದಲಾಗುತ್ತೆ? ಗೋಲು ಬಿದ್ದಾಗ. ಐದೋ ಆರೋ ಸಲ. ಹಾಗಾದರೆ ಸ್ಕ್ರಿಪ್ಟು ಓಡಬೇಕಾದ್ದೂ ಐದಾರು ಸಲವೇ. ಮೈದಾನದ ಪಕ್ಕ ಸ್ಕೋರು ಬರೆಯುವವರು ಬಟನ್ ಒತ್ತಿದಾಗ ಸ್ಕ್ರಿಪ್ಟು ಒಂದು ಸಣ್ಣ ಫೈಲು ಬರೆದಿಡಲಿ. 3000 ಜನರ ಫೋನುಗಳು ಆ ಫೈಲನ್ನು ಓದಿಕೊಂಡು ಹೋಗಲಿ. ಫೈಲು ಕೊಡಲು ಪಿಎಚ್‌ಪಿ ಬೇಡ, ಡೇಟಾಬೇಸ್ ಬೇಡ, ಎಂಟ್ರಿ ಪ್ರಾಸೆಸ್ ಬೇಡ. ಮುಂದೆ ಒಂದು ಸಿಡಿಎನ್, ಅಂದರೆ ಫೈಲಿನ ಪ್ರತಿ ಇಟ್ಟುಕೊಂಡು ಹಂಚುವ ಬೇರೆ ಸರ್ವರುಗಳ ಜಾಲ, ಇಟ್ಟರೆ ಬಹುಪಾಲು ಜನ ನಿಮ್ಮ ಸರ್ವರಿನ ತನಕ ಬರುವುದೂ ಇಲ್ಲ. ಅದೇ ಹೋಸ್ಟಿಂಗ್, ಅದೇ ಪ್ಲಾನ್.

ಪೇಜ್ ಕ್ಯಾಶಿಂಗ್ ಪ್ಲಗಿನ್ ಹಾಕಿ ಅಂತ ಎಲ್ಲರೂ ಹೇಳುವುದು ಇದನ್ನೇ. ನಿಮ್ಮ 'ನಮ್ಮ ಬಗ್ಗೆ' ಪುಟ ವರ್ಷಕ್ಕೊಮ್ಮೆ ಬದಲಾಗುವಂಥದ್ದು. ಅದನ್ನು ಬಂದ ಬಂದವರಿಗೆಲ್ಲ ಹೊಸದಾಗಿ ಅಡುಗೆ ಮಾಡಿ ಬಡಿಸುವ ಅಗತ್ಯ ಇಲ್ಲ. ಬುಕಿಂಗ್ ಪುಟ, ಕಾರ್ಟ್ ಪುಟ ಮಾತ್ರ ಬಿಟ್ಟು ಉಳಿದದ್ದನ್ನು ಉಳಿಸಿಡಿ. ಹಾಗೇ ಪಿಎಚ್‌ಪಿಯ ಆವೃತ್ತಿ ನೋಡಿ. 2015ರ ಡಿಸೆಂಬರಿನಲ್ಲಿ 7.0 ಬಂದಾಗ ಹಳೆಯ 5.6ಕ್ಕೆ ಹೋಲಿಸಿದರೆ ವರ್ಡ್‌ಪ್ರೆಸ್‌ನಂಥ ಸೈಟುಗಳ ವೇಗ ಸುಮಾರು ಎರಡು ಪಟ್ಟಾಯಿತು, ಮೆಮೊರಿಯೂ ಕಡಿಮೆ ಸಾಕಾಯಿತು. ಇವತ್ತಿಗೂ 5.6ರಲ್ಲಿ ಇಟ್ಟುಕೊಂಡವರು ಇದ್ದಾರೆ, 'ಏನೂ ಮುಟ್ಟಬೇಡ, ನಡೀತಿದೆಯಲ್ಲ' ಅಂತ.

ಈಗ ಮನುಷ್ಯರಲ್ಲದ ಅತಿಥಿಗಳ ವಿಚಾರ. ಪೊನ್ನಂಪೇಟೆ ಕಡೆಯ ಒಂದು ಹೋಂಸ್ಟೇ. ಜುಲೈ ತಿಂಗಳು, ಬುಕಿಂಗ್ ಅನ್ನುವುದೇ ಇಲ್ಲ, ಆದರೂ ಪ್ರಾಸೆಸರ್ ಗ್ರಾಫು ದಿನವಿಡೀ ಮೇಲ್ಗಡೆ. ಯಾರು ಯಾವ ಪುಟ ಕೇಳಿದರು ಅಂತ ಬರೆದಿಡುವ ಆಕ್ಸೆಸ್ ಲಾಗ್ ತೆರೆದರೆ ಒಂದೇ ಬಾಟ್ (ತಾನೇ ಸೈಟುಗಳನ್ನು ಸುತ್ತುವ ಪ್ರೋಗ್ರಾಮ್), ಒಂದೇ ಪುಟ, ಸಾಲು ಸಾಲಾಗಿ. ಅದು ಬುಕಿಂಗ್ ಕ್ಯಾಲೆಂಡರಿನ ಪುಟ. ಒಂದು ಸಾಲಿನಲ್ಲಿ 2061ರ ಆಗಸ್ಟು ಖಾಲಿ ಇದೆಯಾ ಅಂತ ವಿಚಾರಣೆ. ಮುಂದಿನ ಸಾಲಿನಲ್ಲಿ 2061ರ ಸೆಪ್ಟೆಂಬರು. ಕ್ಯಾಲೆಂಡರಿನಲ್ಲಿ 'ಮುಂದಿನ ತಿಂಗಳು' ಅಂತ ಒಂದು ಬಾಣದ ಗುರುತು ಇರುತ್ತಲ್ಲ, ಅದು ಲಿಂಕು. ಲಿಂಕು ಕಂಡರೆ ಬಾಟ್ ಒತ್ತುತ್ತೆ. ಒತ್ತಿದರೆ ಇನ್ನೊಂದು ತಿಂಗಳು, ಅಲ್ಲೂ ಒಂದು ಬಾಣ. ಕಾಲಕ್ಕೆ ಕೊನೆ ಇಲ್ಲ, ಬಾಟಿಗೆ ಸುಸ್ತಿಲ್ಲ. ಒಂದೊಂದು ತಿಂಗಳೂ ಬೇರೆ ವಿಳಾಸ ಆದ್ದರಿಂದ ಕ್ಯಾಶಿಂಗ್‌ನಿಂದಲೂ ಪ್ರಯೋಜನ ಇಲ್ಲ. ಪ್ರತಿಯೊಂದಕ್ಕೂ ಸ್ಕ್ರಿಪ್ಟು ಓಡಿ, ಡೇಟಾಬೇಸ್ ಜಾಲಾಡಿ, 2061ರಲ್ಲಿ ಎಲ್ಲ ರೂಮೂ ಖಾಲಿ ಇದೆ ಅಂತ ಶ್ರದ್ಧೆಯಿಂದ ತಿಳಿಸುತ್ತಿತ್ತು. ಬಾಟ್‌ಗಳಿಗೆ ಸೂಚನೆ ಬರೆದಿಡುವ ರೋಬೋಟ್ಸ್ ಫೈಲಿನಲ್ಲಿ ಆ ವಿಳಾಸಗಳಿಗೆ ಬರಬೇಡ ಅಂತ ಒಂದು ಸಾಲು, ಕ್ಯಾಲೆಂಡರ್ 18 ತಿಂಗಳಿಗೆ ನಿಲ್ಲಬೇಕು ಅಂತ ಪ್ಲಗಿನ್‌ನಲ್ಲಿ ಒಂದು ಸೆಟಿಂಗ್. ಗ್ರಾಫು ಇಳಿಯಿತು. ಎಲ್ಲ ಬಾಟ್‌ಗಳೂ ಆ ಫೈಲಿಗೆ ಮರ್ಯಾದೆ ಕೊಡುವುದಿಲ್ಲ, ಕೊಡದವನ್ನು ಬ್ಲಾಕ್ ಮಾಡಬೇಕು.

ಲಾಗಿನ್ ಪುಟಕ್ಕೆ ಬಡಿಯುವ ಬಾಟ್‌ಗಳದ್ದು ಇನ್ನೊಂದು ಕಾಟ. ಪಾಸ್‌ವರ್ಡ್ ಪರೀಕ್ಷೆಯನ್ನು ಬೇಕೆಂದೇ ಪ್ರಾಸೆಸರಿಗೆ ಭಾರ ಆಗುವ ಹಾಗೆ ಮಾಡಿರುತ್ತಾರೆ, ಕಳ್ಳ ಬೇಗ ಬೇಗ ಊಹಿಸಬಾರದು ಅಂತ. ಕಳ್ಳ ಒಳಗೆ ಬರದಿದ್ದರೂ ಬಾಗಿಲು ತಟ್ಟಿದ ಪ್ರತಿ ಸಲದ ಖರ್ಚು ನಿಮ್ಮ ಖಾತೆಗೇ. ಲಾಗಿನ್ ಪ್ರಯತ್ನಕ್ಕೆ ಮಿತಿ ಹಾಕಿ, ಹೊರಗಿನ ಆ್ಯಪ್‌ಗಳು ವರ್ಡ್‌ಪ್ರೆಸ್ ಒಳಗೆ ಬರುವ ಎಕ್ಸ್ಎಂಎಲ್-ಆರ್‌ಪಿಸಿ ಅನ್ನುವ ಹಿಂಬಾಗಿಲನ್ನು ಬಳಸದಿದ್ದರೆ ಮುಚ್ಚಿ.

ಇನ್ನು ವರ್ಡ್‌ಪ್ರೆಸ್‌ನ ಕ್ರಾನ್, ಅಂದರೆ ಹೊತ್ತು ಹೊತ್ತಿಗೆ ತಾನೇ ಆಗಬೇಕಾದ ಕೆಲಸಗಳ ವ್ಯವಸ್ಥೆ. ಏರ್‌ಬಿಎನ್‌ಬಿ, ಬುಕಿಂಗ್ ಡಾಟ್ ಕಾಮ್‌ನಲ್ಲೂ ರೂಮು ಇಟ್ಟಿರುವವರು ಸ್ವಲ್ಪ ಕಿವಿಗೊಡಿ. ಅಲ್ಲಿಯ ಕ್ಯಾಲೆಂಡರನ್ನು ನಿಮ್ಮ ಸೈಟಿಗೆ ಎಳೆದು ತರುವ ಕೆಲಸ ಗಂಟೆಗೊಮ್ಮೆ ಆಗಬೇಕು ಅಂತ ಪ್ಲಗಿನ್‌ನಲ್ಲಿ ಹಾಕಿರುತ್ತೀರಿ. ಆದರೆ ವರ್ಡ್‌ಪ್ರೆಸ್ ಹತ್ತಿರ ಸ್ವಂತ ಅಲಾರಂ ಇಲ್ಲ. ಯಾರಾದರೂ ಪುಟ ತೆರೆದಾಗ ಎದ್ದು, ಯಾವುದಾದರೂ ಕೆಲಸದ ಹೊತ್ತು ಮೀರಿದೆಯಾ ಅಂತ ನೋಡಿ, ಮೀರಿದ್ದರೆ ಅದಕ್ಕಾಗಿ ಇನ್ನೊಂದು ಸ್ಕ್ರಿಪ್ಟು ಎಬ್ಬಿಸುತ್ತೆ. ಸೀಸನ್‌ನಲ್ಲಿ ಇದು ಇರುವ ಜಾಗದಲ್ಲೇ ಪಾಲು ಕೇಳುತ್ತೆ. ಮಳೆಗಾಲದಲ್ಲಿ ಇದಕ್ಕಿಂತ ಕಷ್ಟ: ಸೈಟಿಗೆ ಯಾರೂ ಬರುವುದಿಲ್ಲ, ಬಂದರೂ ಉಳಿಸಿಟ್ಟ ಪುಟ ಸಿಗುತ್ತೆ, ಪಿಎಚ್‌ಪಿ ಏಳುವುದೇ ಇಲ್ಲ, ಕ್ಯಾಲೆಂಡರು ಹೊಸದಾಗುವುದಿಲ್ಲ. ಅಪರೂಪಕ್ಕೆ ಬಂದ ಎರಡು ಬುಕಿಂಗೂ ಒಂದೇ ರೂಮಿಗೆ ಬೀಳುತ್ತೆ. ಸೆಟಿಂಗ್ಸ್ ಫೈಲಿನಲ್ಲಿ ಈ ಕ್ರಾನ್ ಆರಿಸಿ, ಸಿಪ್ಯಾನೆಲ್‌ನ ಕ್ರಾನ್ ಜಾಬ್‌ನಲ್ಲಿ 15 ನಿಮಿಷಕ್ಕೊಮ್ಮೆ ಅಂತ ಹಾಕಿ. ಹತ್ತು ನಿಮಿಷದ ಕೆಲಸ.

ಬ್ಯಾಕಪ್ ಬಗ್ಗೆ ಒಂದೇ ಮಾತು. 3 ಜಿಬಿ ಸೈಟನ್ನು ಜಿಪ್ ಮಾಡಿ ಅದೇ ಡಿಸ್ಕಿಗೆ ಬರೆಯಲು, ಸೆಕೆಂಡಿಗೆ 1 ಎಂಬಿ ಮಿತಿಯಲ್ಲಿ, ಐವತ್ತು ನಿಮಿಷದ ಮೇಲೆ ಬೇಕು. ಅಷ್ಟು ಹೊತ್ತೂ ಉಳಿದ ಪುಟಗಳು ಡಿಸ್ಕಿಗಾಗಿ ಕಾಯುತ್ತವೆ. ಬೆಳಗಿನ ಜಾವ ಮೂರು ಗಂಟೆಗೆ ಇಡಿ, ಶನಿವಾರ ಬೆಳಿಗ್ಗೆ ಹತ್ತಕ್ಕೆ ಬೇಡ.

ಇದನ್ನೆಲ್ಲ ಎಲ್ಲಿ ನೋಡುವುದು? ಸಿಪ್ಯಾನೆಲ್‌ನಲ್ಲಿ 'ರಿಸೋರ್ಸ್ ಯೂಸೇಜ್' ಅಂತ ಒಂದು ಐಕಾನ್ ಇದೆ. ಅದರಲ್ಲಿ ಯಾವ ಹೊತ್ತಿಗೆ ಯಾವ ಮಿತಿ ತಾಗಿತು ಅಂತ ಗ್ರಾಫು ಇರುತ್ತೆ, 'ಫಾಲ್ಟ್ಸ್' ಅಂತ ಎಣಿಕೆ ಇರುತ್ತೆ. ಹೋಸ್ಟಿಂಗ್‌ನವರು ಬಿಟ್ಟಿದ್ದರೆ 'ಸ್ನ್ಯಾಪ್‌ಶಾಟ್' ಕೂಡ ಇರುತ್ತೆ. ಮಿತಿ ತಾಗಿದ ಕ್ಷಣದಲ್ಲಿ ಯಾವ ಯಾವ ಸ್ಕ್ರಿಪ್ಟು ಓಡುತ್ತಿತ್ತು ಅಂತ ಹೆಸರು ಸಮೇತ. ಫೋನು ಮಾಡುವ ಮೊದಲು ಇದನ್ನು ತೆರೆಯಿರಿ. ಪ್ರಾಸೆಸರ್ ಗೀಟು ಮೇಲೆ ಇದ್ದು ಎಂಟ್ರಿ ಪ್ರಾಸೆಸ್ ಕೂಡ ಮೇಲಿದ್ದರೆ ಕೆಲಸ ಜಾಸ್ತಿ. ಪ್ರಾಸೆಸರ್ ಕೆಳಗಿದ್ದು ಎಂಟ್ರಿ ಪ್ರಾಸೆಸ್ ಮಾತ್ರ ಮೇಲಿದ್ದರೆ ಏನೋ ಕಾಯುತ್ತಿದೆ.

ಪ್ರಶ್ನೋತ್ತರ

*ಪ್ಲಾನಿನಲ್ಲಿ 'ಅನ್‌ಲಿಮಿಟೆಡ್' ಅಂತ ದಪ್ಪಕ್ಷರದಲ್ಲಿ ಬರೆದಿದ್ದಾರಲ್ಲ ಸಾರ್, ಇದು ಮೋಸ ಅಲ್ವಾ?*

ಏನು ಅನ್‌ಲಿಮಿಟೆಡ್ ಅಂತ ಓದಿ ನೋಡಿ. ಡಿಸ್ಕ್ ಜಾಗ, ಬ್ಯಾಂಡ್‌ವಿಡ್ತ್ ಅಂತ ಇರುತ್ತೆ. ಪ್ರಾಸೆಸರ್, ಮೆಮೊರಿ ಅನ್‌ಲಿಮಿಟೆಡ್ ಅಂತ ಬರೆದವರನ್ನು ನಾನು ನೋಡಿಲ್ಲ. ಡಿಸ್ಕಿನಲ್ಲೂ ಫೈಲುಗಳ ಸಂಖ್ಯೆಗೆ ಮಿತಿ ಇರುತ್ತೆ, ಐನೋಡ್ ಅಂತ. ಜಾಗ ಖಾಲಿ ಇದ್ದರೂ ಫೈಲು ಹೆಚ್ಚಾಗಿ ಸಿಕ್ಕಿಬೀಳುತ್ತೀರಿ. ಮೋಸ ಅನ್ನಲಾರೆ, ಆದರೆ ಪ್ರಾಮಾಣಿಕತೆ ಅಂತಲೂ ಅನ್ನಲಾರೆ. ಮಿತಿಯ ಅಂಕಿಗಳನ್ನು ಮುಖಪುಟದಲ್ಲೇ ಬರೆಯುವ ಕಂಪನಿಗೆ ನಾನಾದರೆ ನೂರು ರೂಪಾಯಿ ಜಾಸ್ತಿ ಕೊಟ್ಟೇನು.

*ನಮ್ಮದು ಮೂರು ರೂಮಿನ ಹೋಂಸ್ಟೇ. ಎಂಟು ಫೋಟೋ, ಒಂದು ಫೋನ್ ನಂಬರು, ಒಂದು ಮ್ಯಾಪು. ಇದಕ್ಕೆಲ್ಲ ವರ್ಡ್‌ಪ್ರೆಸ್ ಬೇಕಾ?*

ಬೇಡ ಅಕ್ಕ. ಸಾದಾ ಎಚ್‌ಟಿಎಂಎಲ್ ಪುಟ ಸಾಕು. ಅದರಲ್ಲಿ ಸ್ಕ್ರಿಪ್ಟೇ ಇಲ್ಲ, ಹಾಗಾಗಿ ಸ್ಕ್ರಿಪ್ಟಿನ ಮಿತಿಯೂ ನಿಮಗೆ ಅನ್ವಯಿಸುವುದಿಲ್ಲ. ಹ್ಯಾಕ್ ಆಗುವ ಭಯವೂ ಬಹಳ ಕಡಿಮೆ. ಬೆಲೆ ಬದಲಾಯಿಸಬೇಕಾದಾಗ ಮಾತ್ರ ಯಾರನ್ನಾದರೂ ಕೇಳಬೇಕಾಗುತ್ತೆ. ನಿಮಗೆ ಸೈಟು ಮಾಡಿಕೊಟ್ಟವರು ಇದನ್ನು ಯಾಕೆ ಹೇಳಲಿಲ್ಲ ಅಂದರೆ, ಅವರಿಗೆ ವರ್ಡ್‌ಪ್ರೆಸ್ ಬಿಟ್ಟರೆ ಬೇರೆ ಬರುವುದಿಲ್ಲ, ಅಷ್ಟೇ.

*ಇದೆಲ್ಲ ಮಾಡಿ ಆದಮೇಲೂ ಸಾಲದಿದ್ದರೆ ವಿಪಿಎಸ್‌ಗೆ ಹೋಗಬಹುದಾ?*

ವಿಪಿಎಸ್ ಅಂದರೆ ಯಂತ್ರದ ಒಂದು ಪಾಲು ನಿಮಗೇ ಅಂತ ಬೇರೆ ಸರ್ವರಿನ ಹಾಗೆ ಸಿಗುವುದು. ಹೋಗಬಹುದು. ಕಾಫಿಪುಡಿ ಅಂಗಡಿ, ದಿನವೂ ಆರ್ಡರು, ಕಾರ್ಟ್ ಪುಟ ಉಳಿಸಿಡಲು ಆಗುವುದಿಲ್ಲ, ರಿಸೋರ್ಸ್ ಯೂಸೇಜ್‌ನಲ್ಲಿ ಸುಮ್ಮನೆ ವ್ಯಾಪಾರ ಮಾಡುವ ಹೊತ್ತಿನಲ್ಲೇ ಪ್ರಾಸೆಸರ್ ಮಿತಿ ತಾಗುತ್ತಿದೆ, ಬಾಟ್ ಅಲ್ಲ, ಬ್ಯಾಕಪ್ ಅಲ್ಲ. ಆಗ ನಿಮಗೆ ನಿಜವಾಗಿ ಜಾಸ್ತಿ ಬೇಕು. ಆದರೆ ವಿಪಿಎಸ್‌ನಲ್ಲಿ ಬೇಲಿ ದೊಡ್ಡದಾಗುವುದರ ಜೊತೆಗೆ ಕಾವಲೂ ನಿಮ್ಮದೇ ಆಗುತ್ತೆ. ಸೆಕ್ಯೂರಿಟಿ ಅಪ್‌ಡೇಟ್, ಡೇಟಾಬೇಸ್ ಬಿದ್ದರೆ ಎಬ್ಬಿಸುವುದು, ಡಿಸ್ಕ್ ತುಂಬಿದರೆ ಖಾಲಿ ಮಾಡುವುದು. ಜುಲೈನಲ್ಲಿ ಮರ ಬಿದ್ದು ಎರಡು ದಿನ ಕರೆಂಟಿಲ್ಲ, ಟವರ್ ಸತ್ತಿದೆ, ಅದೇ ಹೊತ್ತಿಗೆ ಬೆಂಗಳೂರಿನ ಗಿರಾಕಿಗೆ ನಿಮ್ಮ ಸೈಟು ತೆರೆಯುತ್ತಿಲ್ಲ ಅಂದರೆ ಯಾರು ನೋಡುತ್ತಾರೆ? ಅಂಥವರು ಒಬ್ಬರು ಕೊಡಗಿನ ಹೊರಗೆ ಇದ್ದರೆ ವಿಪಿಎಸ್ ತಗೊಳ್ಳಿ. ಇಲ್ಲದಿದ್ದರೆ ಅದನ್ನೆಲ್ಲ ಅವರೇ ನೋಡಿಕೊಳ್ಳುವ ಮ್ಯಾನೇಜ್ಡ್ ಪ್ಲಾನ್ ಕೇಳಿ. ತಗೊಳ್ಳುವ ಮೊದಲು ಅಲ್ಲೂ ಇದೇ ನಾಲ್ಕು ಅಂಕಿ ಬರವಣಿಗೆಯಲ್ಲಿ ಕೇಳಿ ಇಟ್ಟುಕೊಳ್ಳಿ: ಕೋರ್ ಎಷ್ಟು, ಮೆಮೊರಿ ಎಷ್ಟು, ಡಿಸ್ಕಿನ ವೇಗ ಎಷ್ಟು, ಒಟ್ಟಿಗೆ ಎಷ್ಟು ಪಿಎಚ್‌ಪಿ ಪ್ರಾಸೆಸ್ ಓಡಬಹುದು.